ಒಂದು ತಟ್ಟಿದರೆ ಸರಿ

ಮಾವನವರ ಗಂಟಲಿನ ಆಪರೇಷನ್ ಆದ ಮೇಲೆ ಆ ಮನೆಯಲ್ಲಿ ಬೆಳಗಿನ ಮೊದಲ ಸದ್ದು ಸೊಸೆಯ ಹೊಲಿಗೆ ಯಂತ್ರದ್ದಾಯಿತು. ಅದಕ್ಕೆ ಮುಂಚೆ ಎಷ್ಟೋ ವರ್ಷ ಆ ಹೊತ್ತು ಪದ್ಯದ್ದಾಗಿತ್ತು. ಮಾವ ಪ್ರಾರ್ಥನಾ ಮಂದಿರದಲ್ಲಿ ಪದ್ಯ ಹೇಳುವವರು. ದೇವರನ್ನು ಕರೆಯುವ, ಕಾಡುವ, ಒಮ್ಮೊಮ್ಮೆ ಅವನೊಡನೆ ಜಗಳಕ್ಕೇ ನಿಲ್ಲುವ ಒಂದು ಹಳೆಯ ದೀರ್ಘ ಕಾವ್ಯ. ವಾರಕ್ಕೊಮ್ಮೆ ಅದರ ಒಂದು ಭಾಗವನ್ನು ಅವರು ಹೇಳುತ್ತಿದ್ದರು, ಜನ ಕಣ್ಣು ಮುಚ್ಚಿ ಕೇಳುತ್ತಿದ್ದರು. ಅಕ್ಷರಗಳು ಪುಸ್ತಕದಲ್ಲಿದ್ದವು, ಯಾರು ಬೇಕಾದರೂ ಓದಬಹುದಿತ್ತು. ಎಲ್ಲಿ ಏರಬೇಕು, ಎಲ್ಲಿ ಇಳಿಯಬೇಕು, ಎಲ್ಲಿ ಉಸಿರು ತೆಗೆದುಕೊಳ್ಳಬೇಕು ಎಂಬುದು ಮಾತ್ರ ಪುಸ್ತಕದಲ್ಲಿರಲಿಲ್ಲ. ಅದು ಗುರುವಿನ ಬಾಯಿಂದ ಶಿಷ್ಯನ ಕಿವಿಗೆ ಬಂದದ್ದು. ಮಾವನಿಗೆ ಅವರ ಗುರುಗಳಿಂದ, ಆ ಗುರುಗಳಿಗೆ ಅವರ ಗುರುಗಳಿಂದ. ಮಾವನ ಬಾಯಿಂದ ಅದು ಇನ್ನೂ ಯಾರ ಕಿವಿಗೂ ಪೂರ್ತಿಯಾಗಿ ದಾಟಿರಲಿಲ್ಲ. ಅಷ್ಟರಲ್ಲಿ ಡಾಕ್ಟರು ಗಂಟಲಿಗೆ ಕೈ ಹಾಕಬೇಕಾಯಿತು. ಜೀವ ಉಳಿಯಿತು, ದನಿ ಉಳಿಯಲಿಲ್ಲ. ಈಗ ಅವರ ಮಾತೆಂದರೆ ಬರೀ ಗಾಳಿ. ಹತ್ತಿರ ಕೂತವರಿಗಷ್ಟೇ ತಿಳಿಯುವ ಪಿಸುಮಾತು.

ಶಿಷ್ಯೆಯೊಬ್ಬಳಿದ್ದಳು. ಆ ಬೀದಿಗೆ ಟಪಾಲು ಹಂಚುವ ಅಂಚೆಯಾಕೆ. ಕಾಗದ ಕೊಡಲು ಬಂದವಳು ಬಾಗಿಲಲ್ಲೇ ನಿಂತು ಪದ್ಯ ಕೇಳಿ, ನಿಲ್ಲುವುದೇ ಅಭ್ಯಾಸವಾಗಿ, ಕೊನೆಗೆ ಚೀಲ ಕೆಳಗಿಟ್ಟು ಎದುರು ಕೂತವಳು. ಮೊದಲ ಭಾಗದ ಕೆಲವು ಪದ್ಯ ಕಲಿತಿದ್ದಳು, ಅಷ್ಟೆ.

ಮಂದಿರದ ಮೇಲ್ವಿಚಾರಕರು ಮಾವನನ್ನು ನೋಡಲು ಬಂದು, ಹಣ್ಣಿನ ಚೀಲವನ್ನು ಮೊಣಕಾಲ ಮೇಲೆ ಇಟ್ಟುಕೊಂಡೇ ಬಹಳ ಹೊತ್ತು ಕೂತರು.

"ಗುರುಗಳೇ, ಬೇಜಾರು ಮಾಡ್ಕೋಬೇಡಿ. ಮಳೆಗಾಲ ಕಳೀಲಿ. ಅಷ್ಟರಲ್ಲಿ ಆಯಮ್ಮನಿಗೆ ಪೂರ್ತಿ ಬಂದ್ರೆ ಸರಿ. ಇಲ್ಲಾಂದ್ರೆ ಯಾರಾದ್ರೂ ಪುಸ್ತಕ ನೋಡಿ ಓದಿಬಿಡ್ಲಿ. ದೇವರೇನು ಬೇಡ ಅಂತಾನಾ?"

ಮಾವ ಅವರ ಕಿವಿಯ ಹತ್ತಿರ ಬಾಗಿದರು. "ದೇವರು ಅನ್ನಲ್ಲ. ನಮ್ಮ ಗುರುಗಳು ಅಂತಾರೆ."

ಕ್ಯಾಸೆಟ್‌ಗಳ ವಿಷಯ ತೆಗೆದವಳು ಸೊಸೆ. ಮಾವ ಮನೆಯಲ್ಲಿ ಅಭ್ಯಾಸ ಮಾಡುವಾಗ ತಮ್ಮ ತಪ್ಪು ತಾವೇ ಕೇಳಿಕೊಳ್ಳಲೆಂದು ರೆಕಾರ್ಡ್ ಮಾಡಿಟ್ಟ ಕ್ಯಾಸೆಟ್‌ಗಳು ಮಂಚದ ಕೆಳಗೆ ತಗಡಿನ ಪೆಟ್ಟಿಗೆ ತುಂಬ ಇದ್ದವು. ರೇಡಿಯೋ ರಿಪೇರಿಯವನು ಅವನ್ನೆಲ್ಲ ಕಂಪ್ಯೂಟರಿಗೆ ಇಳಿಸಿಕೊಟ್ಟ. ಆದರೆ ಅವು ಅಭ್ಯಾಸದ ಕ್ಯಾಸೆಟ್‌ಗಳು. ಒಂದೇ ಪದ್ಯ ಮತ್ತೆ ಮತ್ತೆ, ನಡುವೆ ಕೆಮ್ಮು, ಲೋಟದಲ್ಲಿ ಚಮಚ ತಿರುಗುವ ಸದ್ದು, ಯಾರೋ ಬಾಗಿಲು ಬಡಿದದ್ದು, "ಹಾಲಿನವನು ಬಂದ ನೋಡು" ಎಂದು ತೀರಿಹೋದ ಅತ್ತೆಯ ಕೂಗು. ನಡೆಯುತ್ತಾ ಕಿವಿಗೆ ಹಾಕಿಕೊಂಡು ಕಲಿಯುವ ಅಂಚೆಯಾಕೆಗೆ ಬೇಕಾದದ್ದು ಪದ್ಯಕ್ಕೊಂದು ತುಣುಕು, ಅದೂ ಸರಿಯಾದ ತುಣುಕು. ಸೊಸೆ ಮೊದಲ ಕ್ಯಾಸೆಟನ್ನು ಕೈಯಲ್ಲೇ ಕತ್ತರಿಸಲು ಕೂತಳು. ಹೊಲಿಯಬೇಕಿದ್ದ ಕಿಟಕಿ ಪರದೆಗಳ ಆರ್ಡರು ಹಿಂದೆ ಬಿತ್ತು, ಕಣ್ಣು ಉರಿಯಿತು, ಕ್ಯಾಸೆಟ್ ಅರ್ಧವೂ ಆಗಲಿಲ್ಲ. ಈ ಲೆಕ್ಕದಲ್ಲಿ ಮಳೆಗಾಲವಲ್ಲ, ಮುಂದಿನ ಬೇಸಗೆಯೂ ಸಾಲದು ಎಂದು ಅವಳಿಗೆ ತಿಳಿಯಿತು.

"ಇಂಥದ್ದನ್ನೆಲ್ಲಾ ಪೈಥಾನ್ ಅನ್ನೋ ಕಂಪ್ಯೂಟರ್ ಭಾಷೇಲಿ ಮಾಡ್ತಾರಮ್ಮ, ಕಲಿಯೋದು ಕಷ್ಟ ಏನಲ್ಲ" ಎಂದು ರಿಪೇರಿಯವನು ಒಂದು ಮಾತು ಬಿಸಾಕಿದ್ದ. ಆ ಮಾತು ಅವಳಿಗೆ ಹತ್ತಿಕೊಂಡಿತು.

ಶಾಲಾ ವ್ಯಾನ್ ಓಡಿಸುವ ಗಂಡ ಸಂಜೆ ಬಂದವನು ಕಟಿಂಗ್ ಟೇಬಲ್ಲಿನ ಮೇಲೆ, ಬಟ್ಟೆಯ ಸುರುಳಿಗಳ ನಡುವೆ ಹಳೆಯ ಲ್ಯಾಪ್‌ಟಾಪ್ ಕಂಡು ಹುಬ್ಬೇರಿಸಿದ.

"ಏನೇ ಇದು, ಮನೇಲಿ ಹೆಬ್ಬಾವು ಸಾಕ್ತಿದೀಯಂತೆ?"

"ಸಾಕ್ತಿಲ್ಲ ರೀ, ಪಳಗಿಸ್ತಿದೀನಿ."

"ಹಾಗಾದ್ರೆ ಪಾಪ ಅದರ ಕಥೆ ಮುಗೀತು. ನಾನೇ ಪಳಗಿ ಇಷ್ಟು ವರ್ಷ ಆಯ್ತು."

ಪಳಗಿಸುವುದು ಅಷ್ಟು ಸುಲಭವಿರಲಿಲ್ಲ. ಮೊದಲ ದಿನಗಳಲ್ಲಿ ಕಂಪ್ಯೂಟರ್ ಪರದೆಯ ಮೇಲೆ ತಪ್ಪು ತೋರಿಸುವ ಕೆಂಪಕ್ಷರದ ಬೈಗುಳವೇ ಹೆಚ್ಚು. ಹುಡುಕುತ್ತಾ ಅವಳಿಗೆ 'ಪೈಥಾನ್ ಪಡಸಾಲೆ' ಎಂಬ ಗುಂಪು ಸಿಕ್ಕಿತು. ಊರು ಕೇರಿ ಗೊತ್ತಿಲ್ಲದ, ಮುಖ ನೋಡದ ಜನ ಅಲ್ಲಿ ಒಬ್ಬರ ತೊಡಕನ್ನು ಇನ್ನೊಬ್ಬರು ಬಿಡಿಸುತ್ತಾ ಕೂತಿರುತ್ತಿದ್ದರು. ಯಾರಿಗೂ ನಿಜವಾದ ಹೆಸರಿಲ್ಲ. ಇವಳು 'ಸೂಜಿ' ಎಂದು ಸೇರಿದಳು. ಸೇರಿದ ಕೂಡಲೇ ಫೋನಿನಲ್ಲಿ ಪರದೆಯ ಫೋಟೋ ತೆಗೆದು, "ದಯವಿಟ್ಟು ನೋಡಿ, ಕೆಲಸ ಮಾಡ್ತಿಲ್ಲ" ಎಂದು ಹಾಕಿದಳು.

ಗೂಬೆ ಎಂಬ ಹೆಸರಿನವರು ತಕ್ಷಣ ಉತ್ತರಿಸಿದರು. "ಫೋಟೋದಲ್ಲಿ ಕತ್ತರಿ ಚೆನ್ನಾಗಿ ಬಂದಿದೆ, ದಾರದ ಉಂಡೇನೂ ಚೆನ್ನಾಗಿದೆ. ಕೋಡ್ ಮಾತ್ರ ಕಾಣ್ತಿಲ್ಲ. ಬಾಗಿಲಲ್ಲಿ ನಿಯಮ ಬರೆದಿದ್ದೀವಿ, ಓದ್ಕೊಂಡು ಒಳಗೆ ಬನ್ನಿ ತಾಯಿ."

ಅವಳ ಮುಖ ಬಿಸಿಯಾಯಿತು. ಓದಿದಳು. ಫೋಟೋ ಬೇಡ, ಕೋಡನ್ನೇ ಹಾಕಿ. ಏನು ಆಗಬೇಕಿತ್ತು ಹೇಳಿ, ಏನಾಯಿತು ಹೇಳಿ. ನೀವೇನು ಮಾಡಿ ನೋಡಿದಿರಿ ಅದನ್ನೂ ಹೇಳಿ. ಇಷ್ಟೇ ನಿಯಮ. ಎರಡನೆಯ ಸಲ ಹಾಗೇ ಬರೆದಳು. ಅದೇ ಗೂಬೆ ಸಾಲುಸಾಲಾಗಿ ತಿದ್ದಿದರು, ಕೊನೆಯಲ್ಲಿ, "ಕೆಂಪಕ್ಷರದ ಬೈಗುಳಾನ ಮೇಲಿಂದ ಓದ್ಬೇಡಿ, ಕೊನೇ ಸಾಲಿಂದ ಓದಿ. ತಪ್ಪು ಏನು ಅಂತ ಅಲ್ಲೇ ಇರುತ್ತೆ" ಎಂದರು. ಅವಳಿಗೆ ನಗು ಬಂತು. ಹೊಲಿಗೆ ಎಲ್ಲಿ ಎಳೆದಿದೆ ಎಂದು ನೋಡಲು ಅಂಗಿಯನ್ನು ತಿರುವಿ ಹಾಕುವವಳಿಗೆ ಈ ಬುದ್ಧಿ ಹೊಸದೇನಲ್ಲ.

ಹಳೇ ಕೊಡೆ ಎಂಬ ಇನ್ನೊಬ್ಬರಿದ್ದರು. ಅವರದು ಬೇರೆ ದಾರಿ. "ಪೂರ್ತಿ ಬರೆದುಕೊಡಿ, ನನಗೆ ಮಳೆಗಾಲ ಮುಗಿಯೋದ್ರಲ್ಲಿ ಬೇಕು" ಎಂದು ಅವಳು ಒಮ್ಮೆ ಅಂಗಲಾಚಿದಾಗ, "ಬರೆದು ಕೊಡಲ್ಲ ಸೂಜಿಯಕ್ಕ. ನೀವು ಬರೀರಿ, ನಾನು ಪಕ್ಕದಲ್ಲಿ ಕೂತಿರ್ತೀನಿ" ಎಂದರು. ಕೂತೂ ಇದ್ದರು. ಮಧ್ಯಾಹ್ನ ಗಿರಾಕಿಗಳಿಲ್ಲದ ಹೊತ್ತಿನಲ್ಲಿ ಅವಳು ಒಂದು ಸಾಲು ಹಾಕಿದರೆ ಅವರು ಒಂದು ಪ್ರಶ್ನೆ ಹಾಕುವರು. ಉತ್ತರ ಹುಡುಕುವಷ್ಟರಲ್ಲಿ ಮುಂದಿನ ಸಾಲು ಅವಳಿಗೇ ಹೊಳೆಯುವುದು.

ಹಾಗೆ ಒಂದು ಪ್ರೋಗ್ರಾಮ್ ಎದ್ದು ನಿಂತಿತು. ಧ್ವನಿಯಲ್ಲಿ ಸದ್ದಿಲ್ಲದ ಕಡೆಯೆಲ್ಲ ಅದು ಕತ್ತರಿಸುತ್ತಿತ್ತು. ಬಟ್ಟೆಯ ಚೂರೂ ಪೋಲಾಗದಂತೆ ಕತ್ತರಿಸಿ ಅಭ್ಯಾಸವಾದ ಅವಳು ಇದನ್ನೂ ಬಿಗಿಯಾಗಿಯೇ ಕತ್ತರಿಸಿದ್ದಳು. ಮಾತಿನ ಅಂಚಿನಲ್ಲೇ ಕತ್ತರಿ. ಒಂದಿಡೀ ಕ್ಯಾಸೆಟ್ ಎರಡು ಗುಟುಕು ಚಹಾ ಕುಡಿಯುವಷ್ಟರಲ್ಲಿ ತುಂಡಾಗಿ, ಸಾಲಾಗಿ ಜೋಡಣೆಯಾಗಿ ಬಂದಾಗ ಅವಳಿಗೆ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಲ್ಯಾಪ್‌ಟಾಪನ್ನು ಎತ್ತಿಕೊಂಡು ಹೋಗಿ ಮಾವನ ಮುಂದಿಟ್ಟಳು.

ಪದ್ಯ ಹರಿಯಿತು. ಒಂದರ ಬೆನ್ನಿಗೆ ಒಂದು ಸಾಲು, ಬಿಡುವೇ ಇಲ್ಲದೆ, ಬಸ್ಸು ತಪ್ಪಿಹೋಗುತ್ತದೆ ಎಂದು ಓಡುವವನ ಹಾಗೆ. ಮಾವ ಕೇಳಿದರು. ಕೇಳುತ್ತಾ ಕೇಳುತ್ತಾ ಅವರ ಕೈ ಎದೆಯ ಮೇಲೆ ಹೋಯಿತು. ಅವಳು ಗಾಬರಿಯಾಗಿ ನಿಲ್ಲಿಸಿದಳು.

"ಉಸಿರೆಲ್ಲಿ?" ಎಂದರು ಮಾವ.

"ಮಾವ?"

"ಇದರಲ್ಲಿ ನಾನು ಉಸಿರೇ ತಗೊಂಡಿಲ್ಲ. ಇದನ್ನ ಕೇಳಿ ಕಲಿತ್ರೆ ಆ ಅಂಚೆಯಮ್ಮ ದಾರೀಲೇ ಬೀಳ್ತಾಳೆ."

ನಗಿಸಲೆಂದೇ ಆಡಿದ ಮಾತು. ಆದರೆ ಇಬ್ಬರೂ ನಗಲಿಲ್ಲ. ಸಾಲು ಸಾಲಿನ ನಡುವಿನ ಆ ಮೌನವೇ ಪುಸ್ತಕದಲ್ಲಿಲ್ಲದ್ದು. ಅದನ್ನೇ ಅವಳ ಪ್ರೋಗ್ರಾಮ್ ಗುಡಿಸಿ ಆಚೆ ಹಾಕಿತ್ತು.

ಪಡಸಾಲೆಯಲ್ಲಿ ಗೂಬೆಗೆ ಅರ್ಥವಾಗಲಿಲ್ಲ. "ಮೌನ ತೆಗೀಬೇಕು ಅಂತ ಕೇಳಿದ್ದು ನೀವೇ ಅಲ್ವಾ? ಸರಿ, ಎರಡೂ ಕಡೆ ಸ್ವಲ್ಪ ಅಂಚು ಬಿಟ್ಟು ಕತ್ತರಿಸಿ."

"ಎಲ್ಲಾ ಕಡೆ ಒಂದೇ ಅಳತೆ ಅಂಚು ಬಿಟ್ರೆ ಅದು ಅಂಗಿ ಆಗುತ್ತೆ, ಪದ್ಯ ಆಗಲ್ಲ" ಎಂದು ಬರೆದಳು. ಬರೆದ ಮೇಲೆ, ಸಹಾಯ ಮಾಡುವವರ ಮೇಲೆಯೇ ಸಿಡುಕಿದೆನಲ್ಲ ಎಂದು ನಾಲಿಗೆ ಕಚ್ಚಿಕೊಂಡಳು.

ಗೂಬೆ ಬೇಸರಿಸಲಿಲ್ಲ. "ಇದನ್ನ ನಮ್ಮ ಬಾಗಿಲ ಮೇಲೆ ಬರೆಸಬೇಕು" ಎಂದರು.

ಆಗ ಹಳೇ ಕೊಡೆ ನಿಧಾನವಾಗಿ ಕೇಳಿದರು. "ಮೌನದ ತಂಟೆಗೇ ಹೋಗೋದು ಬೇಡ ಬಿಡಿ. ಒಂದು ಪದ್ಯ ಮುಗೀತು, ಇನ್ನೊಂದು ಶುರುವಾಗುತ್ತೆ ಅಂತ ನಿಮ್ಮ ಕಿವಿಗೆ ಹೇಗೆ ಗೊತ್ತಾಗುತ್ತೆ? ಕಂಪ್ಯೂಟರ್‌ಗೆ ಹೇಳೋದು ಆಮೇಲೆ. ಮೊದಲು ನನಗೆ ಹೇಳಿ."

ಅವಳು ಉತ್ತರ ಟೈಪು ಮಾಡತೊಡಗಿದಳು. 'ಅದಾ, ಮಾವ ಕುರ್ಚಿ ತಟ್ತಾರಲ್ಲ' ಎಂದು ಬರೆದು, ತಾನು ಬರೆದದ್ದನ್ನು ತಾನೇ ನೋಡುತ್ತಾ ಕೂತುಬಿಟ್ಟಳು.

ಮದುವೆಯಾಗಿ ಬಂದ ದಿನದಿಂದ ಅವಳು ಅದನ್ನು ಕೇಳುತ್ತಿದ್ದಳು. ಅಭ್ಯಾಸಕ್ಕೆ ಕೂತಾಗ ಪದ್ಯ ಮನಸ್ಸಿಗೆ ಒಪ್ಪುವಂತೆ ಬಂದರೆ ಮಾವ ಕುರ್ಚಿಯ ಮರದ ಕೈಯನ್ನು ಗೆಣ್ಣಿನಿಂದ ಒಂದು ಸಲ ತಟ್ಟುವರು, ಮುಂದಿನದಕ್ಕೆ ಹೋಗುವರು. ಒಪ್ಪದಿದ್ದರೆ ಎರಡು ಸಲ, ಟಕ್ ಟಕ್. ಅದೇ ಪದ್ಯ ಮತ್ತೆ. ಅವರ ಗುರುಗಳು ಹಾಗೆ ತಟ್ಟುತ್ತಿದ್ದರಂತೆ. ಗುರುಗಳು ಹೋದ ಮೇಲೆ ಇವರೇ ತಮಗೆ ತಟ್ಟಿಕೊಳ್ಳತೊಡಗಿದ್ದರು. ಎರಡು ತಟ್ಟು ಕೇಳಿದರೆ ಅಡುಗೆಮನೆಯಲ್ಲಿ ಇವಳು ಚಹಾದ ಉರಿ ಸಣ್ಣ ಮಾಡುತ್ತಿದ್ದಳು, ಇನ್ನೂ ಹೊತ್ತಿದೆ ಎಂದು. ಗೋಡೆ ಗಡಿಯಾರದ ಸದ್ದಿನಷ್ಟು ರೂಢಿಯಾಗಿ ಹೋದದ್ದು, ಹೇಳಬೇಕಾದ ವಿಷಯವೆಂದೇ ಅನ್ನಿಸಿರಲಿಲ್ಲ.

ಎಲ್ಲವನ್ನೂ ಬರೆದು ಕಳಿಸಿದಳು.

"ಸೂಜಿಯಕ್ಕ," ಎಂದರು ಗೂಬೆ, "ಅಂದ್ರೆ ಯಾವುದು ಇಟ್ಕೋಬೇಕು ಯಾವುದು ಬಿಡಬೇಕು ಅಂತ ನಿಮ್ಮ ಮಾವನವರು ಆಗಲೇ ಗುರುತು ಹಾಕಿಟ್ಟಿದಾರೆ. ನಾವು ಸುಮ್ನೆ ಅವರು ಹೇಳಿದ ಹಾಗೆ ಕೇಳಬೇಕು, ಅಷ್ಟೆ."

ಕೇಳುವುದನ್ನು ಯಂತ್ರಕ್ಕೆ ಕಲಿಸುವುದೇ ಮುಂದಿನ ಕೆಲಸವಾಯಿತು. ಧ್ವನಿಯನ್ನು ಗೆರೆಯಾಗಿ ಬಿಡಿಸಿ ನೋಡಿದರೆ ಪದ್ಯ ಗುಡ್ಡದ ಸಾಲಿನಂತೆ ಏರಿಳಿಯುತ್ತಿತ್ತು. ತಟ್ಟಿದ್ದು ಸೂಜಿ ನೆಟ್ಟಂತೆ ಒಂಟಿಯಾಗಿ ನಿಂತಿರುತ್ತಿತ್ತು. ಒಂಟಿ ಸೂಜಿಯಾದರೆ ಅದರ ಹಿಂದಿನ ಪದ್ಯ ಇಟ್ಟುಕೋ, ಪಕ್ಕಪಕ್ಕ ಎರಡಾದರೆ ಬಿಡು. ನಡುವಿನ ಮೌನವನ್ನು ಮುಟ್ಟಬೇಡ. ಬರೆಯಲು ಸುಲಭ. ಆದರೆ ಲೋಟಕ್ಕೆ ಚಮಚ ತಾಗಿದ್ದೂ ಸೂಜಿಯಂತೆಯೇ ನಿಂತು, ಪ್ರೋಗ್ರಾಮ್ ಒಂದು ಕಡೆ ಅತ್ತೆಯ "ಹಾಲಿನವನು ಬಂದ ನೋಡು" ಎಂಬುದನ್ನೇ ಪದ್ಯವೆಂದು ತೆಗೆದಿಟ್ಟಿತು. ಅದನ್ನು ಕೇಳಿ ಗಂಡ ನಕ್ಕು ನಕ್ಕು, ಮತ್ತೊಮ್ಮೆ ಹಾಕಿಸಿ ಕೇಳಿ, "ಅದನ್ನ ಅಳಿಸ್ಬೇಡ, ನನಗೆ ಕಳ್ಸು" ಎಂದ.

ಚಮಚವನ್ನೂ ಮರವನ್ನೂ ಬೇರೆ ಮಾಡುವುದು ಹೇಗೆಂದು ದಿನಗಟ್ಟಲೆ ಚರ್ಚೆಯಾಯಿತು. ಜೋರು ನೋಡಿದರು, ಉದ್ದ ನೋಡಿದರು. ಕೊನೆಗೆ ಹಳೇ ಕೊಡೆ, "ತಾಗಿದ ಮೇಲೆ ಏನಾಗುತ್ತೆ, ಕೇಳಿ ನೋಡಿ" ಎಂದರು. ಅವಳು ಕಣ್ಣು ಮುಚ್ಚಿ ಕೇಳಿದಳು. ಚಮಚ ತಾಗಿದ ಮೇಲೂ ಲೋಟ ತನ್ನಷ್ಟಕ್ಕೆ ಹಾಡಿಕೊಳ್ಳುತ್ತಿತ್ತು. ಮರ ಹಾಡುವುದಿಲ್ಲ, ಹೇಳಿ ಸುಮ್ಮನಾಗುತ್ತದೆ. ಸದ್ದಿನ ಆ ಬಾಲವನ್ನು ಅಳೆಯುವ ಲೆಕ್ಕವನ್ನು ಗೂಬೆ ಹೇಳಿಕೊಟ್ಟರು. ಪ್ರೋಗ್ರಾಮಿಗೆ ಅದನ್ನು ಜೋಡಿಸಿದವಳು ಇವಳೇ. ಹೊಲಿದು, ಬಿಚ್ಚಿ, ಮತ್ತೆ ಹೊಲಿದು.

ಪೆಟ್ಟಿಗೆಯ ಕ್ಯಾಸೆಟ್‌ಗಳೆಲ್ಲ ಅದರ ಬಾಯೊಳಗೆ ಹೋಗಿ ಪದ್ಯಪದ್ಯವಾಗಿ ಈಚೆಗೆ ಬಂದವು. ಈ ಸಲ ಉಸಿರಿತ್ತು. ಮಾವ ಕೊನೆಯವರೆಗೂ ಕೇಳಿದರು. ಸೊಸೆಯ ಕೈಯನ್ನು ಹಿಡಿದು, ಸೂಜಿ ಚುಚ್ಚಿ ಒರಟಾದ ಬೆರಳ ತುದಿಯನ್ನು ಒಮ್ಮೆ ಒತ್ತಿ ಬಿಟ್ಟರು. ಅಂಚೆಯಾಕೆ ಅವನ್ನು ಫೋನಿಗೆ ಹಾಕಿಸಿಕೊಂಡು, ಮೆಟ್ಟಿಲು ಹತ್ತುತ್ತಾ ಇಳಿಯುತ್ತಾ, ಗೇಟು ತೆಗೆಯುತ್ತಾ, ನಾಯಿಗಳನ್ನು ಗದರುತ್ತಾ ಕಲಿಯತೊಡಗಿದಳು. ವಾರಕ್ಕೊಮ್ಮೆ ಬಂದು ಒಪ್ಪಿಸುವಳು, ಮಾವ ಕೈಬೆರಳಿನಿಂದ ತಿದ್ದುವರು.

ಪುಸ್ತಕದೊಡನೆ ಹೋಲಿಸಿ ನೋಡುವಾಗ ಸೊಸೆಗೆ ಗೊತ್ತಾಯಿತು: ಒಂದು ಪದ್ಯ ಇಲ್ಲ. ಕೊನೆಯ ಭಾಗದಲ್ಲಿ, ಭಕ್ತ ದೇವರ ಮನೆ ಬಾಗಿಲಿಗೆ ಬಂದು ನಿಲ್ಲುವ ಪದ್ಯ. ಅದರ ಹಿಂದಿನದಿದೆ, ಮುಂದಿನದಿದೆ, ನಡುವೆ ಅದೇ ಇಲ್ಲ.

"ಹೆಬ್ಬಾವಲ್ವೇನೇ," ಎಂದ ಗಂಡ, "ಹಸಿವಾಗಿರ್ಬೇಕು, ಒಂದು ನುಂಗಿದೆ."

ಅವಳಿಗೆ ನಗು ಬರಲಿಲ್ಲ. ಒಂದು ಕಡೆ ನುಂಗಿದ್ದರೆ ಬೇರೆ ಎಲ್ಲೆಲ್ಲಿ ಏನೇನು ತಪ್ಪಿದೆಯೋ. ಕೋಡನ್ನೂ ಆ ಕ್ಯಾಸೆಟಿನ ಫೈಲನ್ನೂ ಪಡಸಾಲೆಯಲ್ಲಿ ಹಾಕಿದಳು. ಗೂಬೆ ಇಡೀ ಫೈಲನ್ನು ಕೂತು ಕೇಳಿದರಂತೆ.

"ಕೋಡ್ ಸರಿಯಾಗಿದೆ ಸೂಜಿಯಕ್ಕ. ಒಂದು ಕೂದಲೂ ಅಲ್ಲಾಡಿಸೋ ಹಾಗಿಲ್ಲ. ಆ ಪದ್ಯ ಅಲ್ಲಿದೆ, ಎಷ್ಟೋ ಸಲ ಇದೆ. ಪ್ರತಿ ಸಲಾನೂ ಎರಡು ತಟ್ಟು. ಒಂದು ಸಲಾನೂ ಅವರು ಪಾಸು ಮಾಡಿಲ್ಲ. ನನಗಂತೂ ಎಲ್ಲಾ ಚೆನ್ನಾಗೇ ಕೇಳಿಸ್ತು ಬಿಡಿ."

ಅವಳೂ ಕೇಳಿದಳು. ಚೆನ್ನಾಗಿಯೇ ಇತ್ತು. ಮೇಲ್ವಿಚಾರಕರು ಹೇಳಿದ ಗಡುವು ಹತ್ತಿರ ಬರುತ್ತಿತ್ತು, ಅಂಚೆಯಾಕೆ ಉಳಿದದ್ದನ್ನೆಲ್ಲ ಮುಗಿಸುತ್ತಾ ಬಂದಿದ್ದಳು. ಎರಡು ತಟ್ಟಿನವುಗಳಲ್ಲೇ ಒಂದನ್ನು ಆರಿಸಿ, ತಟ್ಟಿದ್ದನ್ನು ಕತ್ತರಿಸಿ ಕೊಟ್ಟರೆ ಯಾರಿಗೂ ತಿಳಿಯುವುದಿಲ್ಲ. ಅದಕ್ಕೆ ಪ್ರೋಗ್ರಾಮ್ ಕೂಡ ಬೇಡ. ಮೌಸ್ ಮೇಲೆ ಬೆರಳಿಟ್ಟು ಬಹಳ ಹೊತ್ತು ಕೂತಳು. ಆಮೇಲೆ ಎದ್ದು ಮಾವನ ಕೋಣೆಗೆ ಹೋದಳು.

"ಮಾವ, ಬಾಗಿಲಲ್ಲಿ ನಿಲ್ಲೋ ಪದ್ಯ ನೀವು ಒಂದು ಸಲಾನೂ ಒಪ್ಪಿಲ್ಲ."

ಮಾವನ ಭುಜ ಕುಲುಕಿತು. ಅಳುತ್ತಿದ್ದಾರೆಂದುಕೊಂಡಳು. ನಗುತ್ತಿದ್ದರು, ಸದ್ದಿಲ್ಲದೆ.

"ಸಿಕ್ಕಿಬಿದ್ದೆ ನೋಡು," ಎಂದರು. "ಅಲ್ಲಿ ಮೂರನೇ ಸಾಲಿಂದ ನಾಲ್ಕಕ್ಕೆ ನಿಲ್ಲದೆ ದಾಟಬೇಕು. ಬಾಗಿಲು ತೆಗೆಯೋವರೆಗೂ ಆ ಭಕ್ತ ಉಸಿರು ಬಿಡಲ್ಲ ಅಂತ ನಮ್ಮ ಗುರುಗಳು ಹೇಳೋರು. ನನ್ನ ಉಸಿರು ಅಷ್ಟು ದೂರ ಹೋಗ್ಲೇ ಇಲ್ಲ. ಮಂದಿರದಲ್ಲಿ ತಿರುವಿನಲ್ಲಿ ಕದ್ದು ಒಂದು ಚೂರು ತಗೊಳ್ತಿದ್ದೆ. ಯಾರಿಗೂ ಗೊತ್ತಾಗ್ತಿರಲಿಲ್ಲ."

"ಇರೋದ್ರಲ್ಲೇ ಒಂದು ಕೊಡೋಣ್ವಾ ಮಾವ? ಅವಳಿಗೆ ಏನೂ ಇಲ್ಲದಿದ್ರೆ ಹೇಗೆ ಕಲೀತಾಳೆ?"

"ಬೇಡ." ಆ ಪಿಸುಮಾತು ಗಟ್ಟಿಯಾಗಿತ್ತು. "ಕೊಟ್ರೆ ನನ್ನ ಕಳ್ಳ ಉಸಿರೂ ಜೊತೇಲಿ ಹೋಗುತ್ತೆ. ಆಮೇಲೆ ಅದೇ ಸರಿ ಆಗಿಬಿಡುತ್ತೆ. ನಿನ್ನ ಯಂತ್ರ ಸರಿಯಾಗೇ ಮಾಡಿದೆ ಮಗಳೇ. ನನ್ನ ಮುಖ ನೋಡಿ ಮಾತಾಡೋರು ಬೇಕಾದಷ್ಟು ಜನ ಇದ್ರು. ಇದು ನೋಡ್ಲಿಲ್ಲ."

ಆ ವಾರ ಅಂಚೆಯಾಕೆ ಬಂದಾಗ ಮಾವ ತಮ್ಮ ಕಳ್ಳ ಉಸಿರಿನ ವಿಷಯ ಹೇಳಿ, ಮೇಜಿನ ಮೇಲೆ ಬೆರಳಿನಿಂದ ಒಂದು ಗೆರೆ ಎಳೆದು ತೋರಿಸಿದರು, ಎತ್ತದೆ, ಅಂಚಿನವರೆಗೂ. ಅವಳು ಹೇಳಿದಳು; ತಿರುವಿನಲ್ಲಿ ದನಿ ಮುರಿಯಿತು. ಮತ್ತೆ ಹೇಳಿದಳು, ಮುರಿಯಿತು. "ಏನು ಗುರುಗಳೇ, ನಿಮಗೇ ಬರದ್ದು ನನಗೆ ಬರುತ್ತಾ?" ಎಂದು ರೇಗಿದಳು.

"ನಾನು ಕೂತು ಹೇಳಿದವನು," ಎಂದರು ಮಾವ. "ನೀನು ಮೆಟ್ಟಿಲು ಹತ್ತುವವಳು."

ಅವಳು ಆ ಮಾತನ್ನು ಚೀಲದಲ್ಲಿ ಹಾಕಿಕೊಂಡು ಹೋದಳು. ಲಿಫ್ಟ್ ಇಲ್ಲದ ಕಟ್ಟಡಗಳಲ್ಲಿ ಅವಳು ಒಂದೇ ಉಸಿರಿನಲ್ಲಿ ಗುಣುಗುತ್ತಾ ಹತ್ತುವುದನ್ನು ಕೇಳಿ ಬಾಗಿಲು ತೆಗೆದು ನೋಡಿದವರಿದ್ದರು. ಒಂದು ಮಧ್ಯಾಹ್ನ ಟಪಾಲಿನ ನಡುವೆಯೇ ಬಂದು, ಚೀಲವನ್ನೂ ಇಳಿಸದೆ, ಬಾಗಿಲಲ್ಲಿ ನಿಂತು ಹೇಳಿದಳು. ದನಿ ತಿರುವಿಗೆ ಬಂತು, ತೆಳ್ಳಗಾಯಿತು, ದಾರದೆಳೆಯಷ್ಟಾಯಿತು, ಆದರೆ ತುಂಡಾಗಲಿಲ್ಲ. ಆಚೆ ದಡಕ್ಕೆ ಹೋಗಿ ನಿಂತಿತು. ಹೊಲಿಗೆ ಯಂತ್ರದ ಮುಂದೆ ಸೊಸೆಯ ಕಾಲು ಪೆಡಲಿನ ಮೇಲೆ ಹಾಗೇ ಉಳಿಯಿತು.

"ಇನ್ನೊಮ್ಮೆ," ಎಂದರು ಮಾವ. "ಮಗಳೇ, ಇದನ್ನ ರೆಕಾರ್ಡ್ ಮಾಡ್ಕೋ. ಆ ಖಾಲಿ ಜಾಗದಲ್ಲಿ ಇಡು."

"ಅಯ್ಯೋ, ನಿಮ್ಮ ದನಿ ನಡುವೆ ನನ್ನದಾ? ಬೇಡ ಗುರುಗಳೇ."

"ಮತ್ತೆ ನಿನ್ನ ಶಿಷ್ಯರಿಗೆ ಯಾರು ಹೇಳಿಕೊಡ್ತಾರೆ?"

ಅವಳು ಎರಡನೆಯ ಸಲ ಹೇಳಿದಳು. ಸೊಸೆ ರೆಕಾರ್ಡ್ ಮಾಡಿಕೊಂಡು, ಕೈಯಾರೆ ಅದನ್ನು ಅದರ ಜಾಗದಲ್ಲಿ ಇಟ್ಟಳು. ಪಡಸಾಲೆಗೆ ಹೋಗಿ ಬರೆದಳು: "ಪೂರ್ತಿಯಾಯಿತು." ಹಳೇ ಕೊಡೆ, "ಇನ್ನು ಸುಮ್ನೆ ಕೂರ್ಬೇಡಿ ಸೂಜಿಯಕ್ಕ. ಬಾಗಿಲಲ್ಲಿ ಹೊಸಬರೊಬ್ಬರು ಪರದೆಯ ಫೋಟೋ ಹಾಕಿದಾರೆ, ನೋಡಿ" ಎಂದರು.

ಮಳೆಗಾಲ ಕಳೆದ ಮೇಲೆ, ಮಂದಿರದಲ್ಲಿ ಕೊನೆಯ ಭಾಗ ಹೇಳುವ ದಿನ, ಮೇಲ್ವಿಚಾರಕರು ತಂದಿಟ್ಟಿದ್ದ ಪುಸ್ತಕ ಮುಚ್ಚಿಯೇ ಇತ್ತು. ಅಂಚೆಯಾಕೆ ಮುಂದೆ ಕೂತಿದ್ದಳು, ಮಾವ ಎಷ್ಟೋ ವರ್ಷಗಳ ಮೇಲೆ ಕೇಳುವವರ ಸಾಲಿನಲ್ಲಿ, ಮಗ ಸೊಸೆಯ ನಡುವೆ. ಅವರ ತುಟಿ ಅಂಚೆಯಾಕೆಯ ದನಿಯ ಜೊತೆಗೆ ಸದ್ದಿಲ್ಲದೆ ಆಡುತ್ತಿತ್ತು. ಭಕ್ತ ಬಾಗಿಲಿಗೆ ಬಂದ. ಮೂರನೆಯ ಸಾಲು ಏರಿತು, ತಿರುವು ಬಂತು. ಮಾವನ ತುಟಿ ಹಳೆಯ ರೂಢಿಯಂತೆ ಅಲ್ಲಿ ತಡೆದು ಒಂದು ಚೂರು ಉಸಿರೆಳೆಯಿತು. ಅವಳ ದನಿ ನಿಲ್ಲಲಿಲ್ಲ, ಅವರನ್ನು ಹಿಂದೆ ಬಿಟ್ಟು ದಾಟಿಹೋಯಿತು.

ಮಾವ ತುಟಿ ಮುಚ್ಚಿದರು. ಮುಖ ಬೆಳಗಿತ್ತು. ಸೊಸೆಯ ಕಡೆಗೆ ತಿರುಗಿ ಕಣ್ಣಲ್ಲೇ ಕೇಳಿದರು: ಕೇಳಿಸಿತಾ?